ಕಲ್ಲಮ್ಮ ಹೇಳುವ ತನಕ

ಶಾಂತಲಾಗೆ ಕೂತಲ್ಲಿ ಕೂತಿರುವುದು ಗೊತ್ತಿಲ್ಲ. ಊಟಕ್ಕೆ ಕೂತರೆ ನಡುವೆ ಏಳುತ್ತಾಳೆ. ಗ್ಯಾಸ್ ಆಫ್ ಆಗಿದೆಯೋ ನೋಡಬೇಕು, ಮಹಡಿಯ ಮೇಲೆ ಒಣಗಿಹಾಕಿದ ಬಟ್ಟೆ ನೆನೆಯುತ್ತಿದೆಯೋ ನೋಡಬೇಕು, ಏನೂ ಇಲ್ಲದಿದ್ದರೆ ಸುಮ್ಮನೆ ಬಾಗಿಲ ತನಕ ಹೋಗಿ ಬರಬೇಕು. ತೊಟ್ಟಿಲಲ್ಲಿದ್ದಾಗಲೂ ಹೀಗೇ ಇದ್ದಳು ಎಂದು ಅವಳ ತಾಯಿ ಹೇಳುತ್ತಾರೆ.

ತುಮಕೂರಿನ ಬಟವಾಡಿಯಲ್ಲಿ, ಹೈವೇಗೆ ಅಂಟಿಕೊಂಡ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಅವಳು ಸ್ಟಾಫ್ ನರ್ಸ್. ಅಲ್ಲಿ ಈ ಸ್ವಭಾವ ಉಪಯೋಗಕ್ಕೆ ಬಂದಿದೆ. ಡ್ರಿಪ್ ಮುಗಿಯುವ ಮೊದಲೇ ಮಂಚದ ಪಕ್ಕ ಇರುತ್ತಾಳೆ. ಗಂಡ ಲಕ್ಷ್ಮೀಕಾಂತ್ ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್. ಸಾವಧಾನದ ಮನುಷ್ಯ. ತನ್ನ ಪಾಲಿನ ನಿಧಾನ ಇವನಿಗೇ ಹೋಗಿಬಿಟ್ಟಿದೆ ಎಂದು ಅವಳು ನಗುತ್ತಿದ್ದಳು.

ತವರು ಗುಬ್ಬಿಯ ಕಡೆಯ ಕಡಬ. ತಂದೆ ಚೌಡಪ್ಪ ತೀರಿಕೊಂಡ ಮೇಲೆ ತೆಂಗಿನ ತೋಟ, ರಾಗಿ ಹೊಲ ಎಲ್ಲವನ್ನೂ ಅಣ್ಣ ದಯಾನಂದನೇ ನೋಡಿಕೊಳ್ಳುತ್ತಿದ್ದ. ಊರಿನ ಯಾವ ಕೆಲಸಕ್ಕೂ ಮುಂದೆ ನಿಲ್ಲುವವನು, ಒಳ್ಳೆಯವನು. ಸ್ನೇಹಿತರನ್ನು ಮಾತ್ರ ಕಣ್ಣುಮುಚ್ಚಿ ನಂಬುತ್ತಿದ್ದ.

ಆ ವರ್ಷ ಆಗಸ್ಟಿನಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಕಡಬದ ಕೆರೆ ಕೋಡಿ ಬಿತ್ತು. ಜನ ಬಾಗಿನ ಕೊಟ್ಟು, ಕೋಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಆದರೆ ನಿಟ್ಟೂರಿನ ಆಚೆ, ಯಾರೂ ಹೆಸರು ಕೇಳಿರದ ಒಂದು ಸಣ್ಣ ಕಟ್ಟೆಯ ಏರಿ ಬೆಳಗಿನ ಜಾವ ಒಡೆದುಹೋಯಿತು. ಕೆಳಗಿನ ಪಾಳ್ಯದಲ್ಲಿದ್ದ ಮಣ್ಣಿನ ಗೋಡೆಗಳು ಒಂದರ ಹಿಂದೆ ಒಂದು ಕೂತವು. ಜನರ ಪ್ರಾಣಕ್ಕೇನೂ ಆಗಲಿಲ್ಲ. ದನ, ಮೇಕೆ, ಪಾತ್ರೆ, ನೆಲದ ಹಗೇವಿನಲ್ಲಿ ತುಂಬಿಟ್ಟ ರಾಗಿ ಎಲ್ಲ ಹೋಯಿತು. ಪಾಳ್ಯದವರನ್ನೆಲ್ಲ ಹತ್ತಿರದ ಹೈಸ್ಕೂಲಿಗೆ ತಂದು ಬಿಟ್ಟರು. ಬೆಂಚುಗಳನ್ನು ಗೋಡೆಗೆ ಸರಿಸಿ, ಜಮಖಾನ ಹಾಸಿ, ಮುಂದುಗಡೆ ಕಾಳಜಿ ಕೇಂದ್ರ ಎಂಬ ಬ್ಯಾನರ್ ಕಟ್ಟಿದರು.

ದಯಾನಂದ ಮೊದಲ ದಿನದಿಂದ ಅಲ್ಲಿಯೇ ಇದ್ದ. ತಂಗಿಗೆ ಫೋನ್ ಮಾಡಿ, ಮುದುಕರಿಗೆ ಬಿಪಿ ಶುಗರ್ ನೋಡುವವರಿಲ್ಲ, ರಜ ಹಾಕಿ ಬರುತ್ತೀಯಾ ಎಂದು ಕೇಳಿದ. ಅವಳು ಎರಡನೇ ಮಾತಿಲ್ಲದೆ ಸ್ಕೂಟಿ ಹತ್ತಿ ಬಂದಳು.

ಮೂರು ಕೋಣೆಗಳಲ್ಲಿ ಅಷ್ಟೂ ಸಂಸಾರ. ಬಟ್ಟೆ ಬದಲಾಯಿಸಬೇಕಾದರೆ ಹೆಂಗಸರು ಒಬ್ಬರಿಗೊಬ್ಬರು ಸೀರೆ ಅಡ್ಡ ಹಿಡಿಯಬೇಕು. ಶೌಚಾಲಯಕ್ಕೆ ಬಾಗಿಲಿತ್ತು, ಚಿಲಕ ಇರಲಿಲ್ಲ. ಅಕ್ಕಿ, ಬೇಳೆ, ಕಂಬಳಿ ತರುತ್ತಿದ್ದದ್ದು ತಿಮ್ಮರಾಜು ಎಂಬುವವನ ಗೂಡ್ಸ್ ಟೆಂಪೊ. ಅವನು ದಯಾನಂದನ ಜೊತೆ ಓದಿದವನು. ಬಾಡಿಗೆಯಿಲ್ಲದೆ ಗಾಡಿ ಓಡಿಸುತ್ತಿದ್ದಾನೆಂದು ಎಲ್ಲರೂ ಅವನನ್ನು ಹೊಗಳುತ್ತಿದ್ದರು. ಮಕ್ಕಳಿಗೆ ಬಿಸ್ಕತ್ತು ಎಸೆಯುತ್ತ ಬರುತ್ತಿದ್ದ.

ಶಾಂತಲಾ ವರಾಂಡದಲ್ಲಿ ಮೇಜು ಹಾಕಿಕೊಂಡು ಒಬ್ಬೊಬ್ಬರನ್ನೇ ನೋಡಿದಳು. ಸಾಲಿನಲ್ಲಿ ಒಬ್ಬಳು ಹೆಂಗಸು ಮುಂದೆ ಬಂದಾಗಲೆಲ್ಲ ಹಿಂದಿನವರಿಗೆ ಜಾಗ ಬಿಟ್ಟು ಮತ್ತೆ ಕೊನೆಗೆ ಹೋಗಿ ನಿಲ್ಲುತ್ತಿದ್ದಳು. ನಲವತ್ತರ ಹತ್ತಿರದ ವಯಸ್ಸು, ಒದ್ದೆ ಸೀರೆ. ಮಳೆಯಲ್ಲಿ ನೆನೆದದ್ದಲ್ಲ, ಒಗೆದು ಉಟ್ಟದ್ದು. ಸಾಲು ಕರಗಿ ತಾನೊಬ್ಬಳೇ ಉಳಿದಾಗ ಕೈ ಚಾಚಿದಳು. ಕಲ್ಲಮ್ಮ ಎಂದು ಹೆಸರು ಹೇಳಿದಳು. ಗಂಡ ತೀರಿಹೋಗಿ ಬಹಳ ವರ್ಷವಾಯಿತು, ಕಾಯಿ ಸುಲಿಯುವ ಕೆಲಸ, ಒಬ್ಬಳು ಮಗಳು ಕುಣಿಗಲ್ಲಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ಇಷ್ಟನ್ನು ಹೇಳಿ ಆಚೀಚೆ ನೋಡಿದಳು. ಆಮೇಲೆ ಮೇಜಿನ ಮೇಲೆ ಬಗ್ಗಿ ಕೇಳಿದಳು.

"ಸಿಸ್ಟರಮ್ಮ, ಬಸ್ರು ನಿಲ್ದಂಗೆ ಕೊಡೋ ಮಾತ್ರೆ ಐತಾ?"

ಶಾಂತಲಾ ತಕ್ಷಣ ಎದ್ದಳು. ಎದ್ದವಳಿಗೆ ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ. ಆ ಸ್ಕೂಲಿನಲ್ಲಿ ಇಬ್ಬರು ಹೆಂಗಸರು ಗುಟ್ಟಾಗಿ ಮಾತಾಡುವ ಒಂದು ಮೂಲೆ ಇರಲಿಲ್ಲ. ಒಂದು ಕೋಣೆಯಲ್ಲಿ ಬಾಣಂತಿ ಮಲಗಿದ್ದಳು, ಇನ್ನೊಂದರಲ್ಲಿ ಮುದುಕರು ಬೀಡಿ ಸೇದುತ್ತಿದ್ದರು, ಹೆಡ್ ಮಾಸ್ಟರ ಕೋಣೆಗೆ ಬೀಗ. ಕೊನೆಗೆ ಬಿಸಿಯೂಟದ ಸಾಮಾನಿನ ಕೋಣೆ ಸಿಕ್ಕಿತು. ಅಕ್ಕಿ ಮೂಟೆಗಳ ನಡುವೆ ಕಲ್ಲಮ್ಮ ನಿಂತೇ ಇದ್ದಳು, ಕೂರಲಿಲ್ಲ. ಶಾಂತಲಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಯಾರು ಅಂತ ನಾನು ಕೇಳಲ್ಲ ಕಲ್ಲಮ್ಮಕ್ಕ. ಯಾವತ್ತು ಅಂತ ಮಾತ್ರ ಹೇಳಿ. ಔಷಧಿ ಕೊಡೋಕೆ ಅದು ಬೇಕು."

"ಮೊನ್ನೆ. ಡೈರಿಗೆ ಹಾಲು ಹಾಕೋ ಹೊತ್ತು ಕಳೆದ ಮ್ಯಾಲೆ." ಮೂಟೆಯೊಂದರ ಹೊಲಿಗೆಯ ಮೇಲೆ ಕೈಯಿಟ್ಟು ಮುಂದುವರಿಸಿದಳು. "ನಿನ್ ಮೇಕೆ ಸಿಕ್ಕವೆ, ತೋಟದ ಶೆಡ್ಡಲ್ಲಿ ಕಟ್ಟಿವ್ನಿ ಬಾ ಅಂದ. ಹೋದೆ. ಮೇಕೆ ಇರ್ಲಿಲ್ಲ."

ಅದಕ್ಕಿಂತ ಹೆಚ್ಚು ಅವಳು ಹೇಳಲಿಲ್ಲ. ಆಮೇಲೆ ಯಾವತ್ತೂ ಶಾಂತಲಾಗೆ ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಶಾಂತಲಾ ತನಗೆ ಗೊತ್ತಿದ್ದಷ್ಟನ್ನು ಸಣ್ಣ ದನಿಯಲ್ಲಿ ಹೇಳಿದಳು. ಬಸುರು ತಡೆಯಲು ಮಾತ್ರೆ ಇದೆ, ಅದೊಂದೇ ಸಾಲದು. ಏಡ್ಸ್ ಬಾರದ ಹಾಗೆ ತಡೆಯುವ ಮಾತ್ರೆಯೂ ಇದೆ. ಅದನ್ನು ಮೂರು ದಿನದೊಳಗೆ ಶುರುಮಾಡಬೇಕು, ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದು. ಕಾಮಾಲೆಗೆ, ಗಾಯ ನಂಜಾಗದಿರುವುದಕ್ಕೆ ಸೂಜಿ ಹಾಕಬೇಕು. ಇದೆಲ್ಲ ತನ್ನ ಚೀಲದಲ್ಲಿಲ್ಲ, ತುಮಕೂರಿಗೆ ಹೋಗಬೇಕು. ಕಲ್ಲಮ್ಮ ಕೇಳಿದ್ದು ಒಂದೇ. ಇವರಿಗೆಲ್ಲ ಗೊತ್ತಾಗುತ್ತಾ? ಗೊತ್ತಾಗುವುದಿಲ್ಲ ಎಂದು ಶಾಂತಲಾ ಮಾತು ಕೊಟ್ಟಳು. ಮಾತು ಕೊಡುವಾಗ ಅದು ಎಷ್ಟು ಭಾರವಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಹೊರಗೆ ಬಂದು ಅಣ್ಣನಿಗೆ, ಈಯಮ್ಮನಿಗೆ ಬಿಪಿ ತುಂಬ ಏರಿದೆ, ದೊಡ್ಡಾಸ್ಪತ್ರೆಗೆ ತೋರಿಸಬೇಕು ಎಂದಳು. ಮಳೆ ಜಿನುಗುತ್ತಿತ್ತು. ಸ್ಕೂಟಿಯಲ್ಲಿ ಬೇಡ, ಜಾರುತ್ತದೆ ಎಂದು ಹೇಳಿ ದಯಾನಂದ ಗೇಟಿನ ಕಡೆ ಕೈ ಬೀಸಿ ಟೆಂಪೊ ಕರೆದ. ತಿಮ್ಮರಾಜು ಗಾಡಿಯನ್ನು ಹಿಂದಕ್ಕೆ ತಂದು ವರಾಂಡದ ಮೆಟ್ಟಿಲಿಗೆ ನಿಲ್ಲಿಸಿದ. ಇಳಿದು ಮುಂದಿನ ಬಾಗಿಲು ತೆಗೆದು, ಸೀಟಿನ ಮೇಲಿದ್ದ ಟವೆಲ್ ಒದರಿ ಹಾಸಿದ.

ಕಲ್ಲಮ್ಮ ಹತ್ತಲಿಲ್ಲ. ಶಾಂತಲಾಳ ಮುಂಗೈ ಹಿಡಿದಳು. ಕಾಯಿ ಸುಲಿದು ಸುಲಿದು ಗಟ್ಟಿಯಾದ ಕೈ. ಅದರ ಬೆರಳುಗಳು ಶಾಂತಲಾಳ ಮಣಿಕಟ್ಟಿನ ಮೂಳೆಗೆ ಇಳಿದವು. ಶಾಂತಲಾ ಆ ಕೈ ನೋಡಿದಳು, ಟೆಂಪೊ ನೋಡಿದಳು, ಟವೆಲ್ ಹಾಸಿ ಪಕ್ಕಕ್ಕೆ ಸರಿದು ನಿಂತಿದ್ದ ಮನುಷ್ಯನನ್ನು ನೋಡಿದಳು. ಅವನು ಇವಳತ್ತ ನೋಡಿ, ಹತ್ತಿ ಅಕ್ಕ, ಬೇಗ ಬಿಟ್ಟುಬರ್ತೀನಿ ಎಂದ.

ಗಾಡಿಯ ಡೀಸೆಲ್ ವಾಸನೆಗೆ ಇವರಿಗೆ ವಾಂತಿಯಾಗುತ್ತದಂತೆ, ಸ್ಕೂಟಿಯೇ ಸರಿ ಎಂದು ಶಾಂತಲಾ ಅಣ್ಣನಿಗೆ ಹೇಳಿದಳು. ದಯಾನಂದ ಗೊಣಗಿದ. ಅವಳು ಕೇಳಿಸಿಕೊಳ್ಳಲಿಲ್ಲ. ತನ್ನ ರೇನ್‌ಕೋಟನ್ನು ಕಲ್ಲಮ್ಮನಿಗೆ ಹೊದಿಸಿ ಸ್ಕೂಟಿ ಶುರು ಮಾಡಿದಳು.

ನಿಟ್ಟೂರಿನ ಹತ್ತಿರ ರೈಲ್ವೆ ಕೆಳಸೇತುವೆಯಲ್ಲಿ ಸೊಂಟದ ಮಟ್ಟ ನೀರು. ತಿರುಗಿಸಿಕೊಂಡು, ಹೊಲದ ದಾರಿಯಲ್ಲಿ, ಕೆಸರಿನಲ್ಲಿ ಗಾಡಿ ತಳ್ಳಿಕೊಂಡು ಟಾರ್ ರಸ್ತೆಗೆ ಬರುವಷ್ಟರಲ್ಲಿ ಇಬ್ಬರೂ ಮಣ್ಣಾಗಿದ್ದರು. ಶಾಂತಲಾಳ ತಲೆ ಗಡಿಯಾರಕ್ಕಿಂತ ಜೋರಾಗಿ ಓಡುತ್ತಿತ್ತು. ಬೇಗ, ಇನ್ನೂ ಬೇಗ. ದಾರಿಯಲ್ಲಿ ಸಿಕ್ಕ ಒಂದು ಸಣ್ಣ ಆಸ್ಪತ್ರೆಯ ಮುಂದೆ ನಿಲ್ಲಿಸಿದಳು. ಮೊದಲ ಮಾತ್ರೆಯಾದರೂ ಇಲ್ಲೇ ಬಿದ್ದರೆ ಒಳ್ಳೆಯದು ಎನ್ನುವ ಆಸೆ. ಕೌಂಟರಿನವನು ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, ಇಂಥ ಕೇಸು ಪೊಲೀಸರ ಪತ್ರ ಇಲ್ಲದೆ ಮುಟ್ಟುವುದಿಲ್ಲ ಎಂದ. ಪತ್ರ ಬೇಕಿಲ್ಲ, ಚಿಕಿತ್ಸೆ ಮೊದಲು ಎಂಬುದು ಕಾನೂನು ಎಂದು ಶಾಂತಲಾ ವಾದಿಸಿದಳು. ಅವನು ಡಾಕ್ಟರಿಲ್ಲ ಎಂದ. ಅವಳು ಡಾಕ್ಟರ ಫೋನ್ ನಂಬರ್ ಕೇಳಿದಳು. ಅವನು ಕೊಡಲಿಲ್ಲ. ವಾದ ಮುಂದುವರಿಯುತ್ತಿತ್ತೋ ಏನೋ, ತಿರುಗಿ ನೋಡಿದರೆ ಕಲ್ಲಮ್ಮ ಅಲ್ಲಿರಲಿಲ್ಲ.

ರಸ್ತೆಯಾಚೆ ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತಿದ್ದಳು. ಸ್ಕೂಟಿಯ ಸೀಟು ಬಿಟ್ಟರೆ, ಅವಳು ಕೂತದ್ದನ್ನು ಶಾಂತಲಾ ಅವತ್ತು ಮೊದಲ ಸಲ ನೋಡಿದ್ದು.

"ಬುಡಿ ಸಿಸ್ಟರಮ್ಮ, ವಾಪಸ್ ಹೋಗಣ. ಎಲ್ಲಾರ್ ಮುಂದೂ ಬಾಯ್ ಬಿಡೋಕೆ ನನ್ ಕೈಲಾಗಲ್ಲ."

ಶಾಂತಲಾಗೆ ಆ ಕ್ಷಣ ಅವಳನ್ನು ಎತ್ತಿ ಸ್ಕೂಟಿಯ ಮೇಲೆ ಕೂರಿಸಬೇಕು ಎನ್ನಿಸಿತು. ಬೈಯಬೇಕು ಎಂದೂ ಅನ್ನಿಸಿತು. ಕೈ ಬೆರಳುಗಳನ್ನು ಒಂದಕ್ಕೊಂದು ಹೊಸೆಯುತ್ತ ಪಕ್ಕದಲ್ಲಿ ನಿಂತಳು. ಲಾರಿಗಳು ನೀರು ಚಿಮ್ಮಿಸುತ್ತ ಹೋದವು. ಕೊನೆಗೆ ಅವಳಿಗೆ ಹೇಳಲು ಉಳಿದದ್ದು ಇಷ್ಟೇ. ವಾಪಸ್ ಹೋಗೋಣ ಅಂದರೆ ಹೋಗೋಣ, ತುಮಕೂರಿಗೆ ಅಂದರೆ ತುಮಕೂರಿಗೆ, ನೀವು ಹೇಳಿದ ಕಡೆ ಗಾಡಿ ತಿರುಗಿಸುತ್ತೇನೆ. ಕಲ್ಲಮ್ಮ ಕಾಲಿಗಂಟಿದ ಕೆಸರನ್ನು ಕಟ್ಟೆಯ ಅಂಚಿಗೆ ಒರೆಸಿಕೊಂಡಳು. ಆಮೇಲೆ ತಾನೇ ಎದ್ದು ಬಂದು ಹಿಂದಿನ ಸೀಟಿನ ಮೇಲೆ ಕೂತು, ತುಮಕೂರಿನ ದಿಕ್ಕಿಗೆ ಮುಖ ಮಾಡಿದಳು.

ಜಿಲ್ಲಾಸ್ಪತ್ರೆಯಲ್ಲಿ ಅವತ್ತು ಡ್ಯೂಟಿಯಲ್ಲಿದ್ದವರು ಡಾಕ್ಟರ್ ಚೈತನ್ಯ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆಳಗಿನಿಂದ ಹೆರಿಗೆ ಮೇಲೆ ಹೆರಿಗೆ ಮಾಡಿಸಿ ಕಣ್ಣು ಕೆಂಪಾಗಿತ್ತು. ವಿಷಯ ಕಿವಿಗೆ ಬಿದ್ದ ಕೂಡಲೇ ಇಬ್ಬರನ್ನೂ ಒಳಗೆ ಕರೆದು ಬಾಗಿಲು ಹಾಕಿಸಿದರು. ಕಲ್ಲಮ್ಮನಿಗೆ ಕುಡಿಯಲು ನೀರು ಕೊಟ್ಟು, ತಾವೂ ಸ್ಟೂಲು ಎಳೆದುಕೊಂಡು ಅವಳ ಎದುರಿಗೆ ಕೂತರು. ಏನಾಯಿತು ಎಂದು ಕೇಳುವ ಮೊದಲು, ಇಲ್ಲಿ ಏನೇನು ಮಾಡುತ್ತೇವೆ ಎಂದು ವಿವರಿಸಿದರು.

"ಒಂದೊಂದೂ ಕೇಳಿಕೊಂಡೇ ಮಾಡ್ತೀನಿ ಅಮ್ಮ. ಬೇಡ ಅಂದ್ರೆ ಅಲ್ಲಿಗೇ ನಿಲ್ಲಿಸ್ತೀನಿ. ಬೇಡ ಅಂದ್ರಿ ಅಂತ ಔಷಧಿ ಕೊಡದೆ ಇರಲ್ಲ."

ಕಲ್ಲಮ್ಮ ಕೆಲವಕ್ಕೆ ಆಗಲಿ ಎಂದಳು. ಒಂದಕ್ಕೆ ಬೇಡವೆಂದು ತಲೆ ಅಲ್ಲಾಡಿಸಿದಳು. ಡಾಕ್ಟರು ಅದನ್ನು ಬಿಟ್ಟರು, ಮತ್ತೆ ಕೇಳಲಿಲ್ಲ. ತೊಡೆಯ, ಬೆನ್ನಿನ ಗಾಯಗಳನ್ನು ನೋಡಿ ಬರೆದುಕೊಂಡರು, ತೊಳೆದು ಔಷಧಿ ಹಚ್ಚಿದರು. ರಕ್ತ ತೆಗೆದರು. ಸೂಜಿ ಹಾಕಿದರು. ಬಸುರು ತಡೆಯುವ ಮಾತ್ರೆ, ಸೋಂಕಿನ ಮಾತ್ರೆ, ಏಡ್ಸ್ ತಡೆಯುವ ಮಾತ್ರೆಯ ಮೊದಲ ಡೋಸು ಅಲ್ಲೇ ಎದುರಿಗೇ ನುಂಗಿಸಿದರು. ಪೊಲೀಸರ ಮಾತು ಕೊನೆಗೆ ಬಂತು. ಆಸ್ಪತ್ರೆಯಿಂದ ಅವರಿಗೆ ಸುದ್ದಿ ಹೋಗಲೇಬೇಕು, ಆದರೆ ದೂರು ಕೊಡುವುದು ಬಿಡುವುದು ನಿಮ್ಮ ಇಷ್ಟ, ಈಗ ಬೇಡವೆಂದರೆ ಬೇಡವೆಂದೇ ಬರೆಯುತ್ತೇನೆ, ಮುಂದೆ ಯಾವತ್ತಾದರೂ ಮನಸ್ಸು ಬದಲಾದರೆ ಇವತ್ತು ಸಾಕ್ಷಿಗೆಂದು ತೆಗೆದದ್ದೆಲ್ಲ ಸೀಲಾಗಿ ಇರುತ್ತದೆ ಎಂದರು.

ಶಾಂತಲಾ ಕುರ್ಚಿಯ ತುದಿಗೆ ಸರಿದಳು. ದೂರು ಕೊಡುತ್ತೇನೆ ಎನ್ನಲಿ ಎಂದು ಅವಳ ಮೈಯೆಲ್ಲ ಹೇಳುತ್ತಿತ್ತು.

"ಈಗ ಬ್ಯಾಡ," ಎಂದಳು ಕಲ್ಲಮ್ಮ. "ನಂಗೊಬ್ಳು ಮಗ್ಳವ್ಳೆ."

ಒಬ್ಬ ಹೆಂಗಸು ಪೊಲೀಸ್ ಬಂದರು. ಕಲ್ಲಮ್ಮ ಅವರಿಗೂ ಅದನ್ನೇ ಹೇಳಿದಳು. ಯಾರ ಹೆಸರನ್ನೂ ಹೇಳಲಿಲ್ಲ. ಡಾಕ್ಟರು ಬರೆದುಕೊಂಡರು. ಶಾಂತಲಾ ಎದ್ದು ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದಳು. ಹೊರಬಂದ ಡಾಕ್ಟರ್ ಚೈತನ್ಯ ಅವಳ ಪಕ್ಕ ಹೆಜ್ಜೆ ಹಾಕುತ್ತ, ತಮಗೂ ಹೀಗೇ ಸಂಕಟವಾಗುತ್ತದೆ, ಆದರೆ ಒಮ್ಮೆ ಅವರ ಇಷ್ಟ ಕೇಳದೆ ನಡೆದುಹೋಗಿದೆ, ನಾವೂ ಹಾಗೇ ನಡೆದುಕೊಳ್ಳಬಾರದು ಎಂದರು. ಶಾಂತಲಾ ಹೂಂ ಎಂದಳು. ಒಪ್ಪಿದ್ದು ಬಾಯಿ ಮಾತ್ರ.

ಕಲ್ಲಮ್ಮ ಕಾಳಜಿ ಕೇಂದ್ರಕ್ಕೆ ಹಿಂತಿರುಗಲಿಲ್ಲ, ಆ ರಾತ್ರಿ ಆಸ್ಪತ್ರೆಯಲ್ಲೇ ಉಳಿದಳು. ಅವಳ ಅಕ್ಕ ಚಿಕ್ಕಗಂಗಮ್ಮ ಕುಣಿಗಲ್ಲಿನಲ್ಲಿದ್ದಳು, ದೊಡ್ಡಕೆರೆಯ ಏರಿಯ ಕೆಳಗಿನ ಒಂದು ಬೀದಿಯಲ್ಲಿ, ಹೂ ಕಟ್ಟಿ ಮಾರುವವಳು. ಮಾರನೆಯ ದಿನ ಶಾಂತಲಾ ಕಲ್ಲಮ್ಮನನ್ನು ಬಸ್ಸಿನಲ್ಲಿ ಅಲ್ಲಿಗೆ ಬಿಟ್ಟುಬಂದಳು. ಅಕ್ಕನಿಗೆ ಕಲ್ಲಮ್ಮ ತಾನೇ ಎಷ್ಟು ಹೇಳಬೇಕೋ ಅಷ್ಟು ಹೇಳಿಕೊಂಡಳು. ಚಿಕ್ಕಗಂಗಮ್ಮ ಅಳಲಿಲ್ಲ, ಬೈಯಲಿಲ್ಲ. ಒಲೆ ಮೇಲೆ ನೀರಿಟ್ಟು, ತಂಗಿಯ ತಲೆಗೆ ಎಣ್ಣೆ ಹಚ್ಚಿದಳು.

ಏಡ್ಸ್ ತಡೆಯುವ ಆ ಮಾತ್ರೆಯನ್ನು ನಾಲ್ಕು ವಾರ ಒಂದು ದಿನವೂ ತಪ್ಪದೆ ನುಂಗಬೇಕು. ಅದು ಸುಲಭದ ಮಾತ್ರೆಯಲ್ಲ. ಕಲ್ಲಮ್ಮನಿಗೆ ಹೊಟ್ಟೆ ತೊಳಸುತ್ತಿತ್ತು, ತಲೆ ತಿರುಗುತ್ತಿತ್ತು, ಸಾರಿನ ಒಗ್ಗರಣೆ ವಾಸನೆಗೆ ಎದ್ದು ಹೊರಗೋಡುತ್ತಿದ್ದಳು. ಶಾಂತಲಾ ಡಾಕ್ಟರನ್ನು ಕೇಳಿ ವಾಂತಿ ನಿಲ್ಲುವ ಮಾತ್ರೆ ಒಯ್ದುಕೊಟ್ಟಳು. ಡ್ಯೂಟಿ ಮುಗಿದ ಕೂಡಲೇ ಕುಣಿಗಲ್ ಬಸ್ಸು ಹಿಡಿಯುವುದು, ಹೋಗಿ ನೋಡುವುದು, ವಾಪಸ್ ಬರುವುದು. ಹೋಗದ ದಿನ ಚಿಕ್ಕಗಂಗಮ್ಮನಿಗೆ ಬೆಳಿಗ್ಗೆ ಒಂದು ಫೋನು, ಮಧ್ಯಾಹ್ನ ಒಂದು, ಸಂಜೆ ಒಂದು. ತಿಂದಳಾ, ನುಂಗಿದಳಾ, ವಾಂತಿಯಾಯಿತಾ. ಲಕ್ಷ್ಮೀಕಾಂತ್ ಯಾರೋ ಪೇಷೆಂಟ್ ಎಂದಷ್ಟೇ ಬಲ್ಲ. ಅದಕ್ಕಿಂತ ಹೆಚ್ಚು ಕೇಳಲಿಲ್ಲ, ಶಾಲೆಗೆ ಹೋಗುವ ಮಗನಿಗೆ ತಾನೇ ಚಿತ್ರಾನ್ನ ಕಲಸಿ ಡಬ್ಬಿ ತುಂಬಿಸಿದ.

ಎರಡನೇ ವಾರದ ಕೊನೆಯಲ್ಲಿ ಶಾಂತಲಾ ಹೋದಾಗ ಕಲ್ಲಮ್ಮ ಅಂಗಳದಲ್ಲಿ ಮಲ್ಲಿಗೆ ಮೊಗ್ಗು ಹರಡಿಕೊಂಡು ಕೂತಿದ್ದಳು. ಕಟ್ಟುತ್ತಿರಲಿಲ್ಲ, ಸುಮ್ಮನೆ ಕೂತಿದ್ದಳು. ಮಾತ್ರೆ ಬಿಟ್ಟುಬಿಡುತ್ತೇನೆ ಎಂದಳು. ಶಾಂತಲಾ ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆ ಎಂದು ಶುರುಮಾಡಿದಳು, ಮಗಳ ಹೆಸರು ತಂದಳು, ಡಾಕ್ಟರ ಹೆಸರು ತಂದಳು, ಹಾಗೆಯೇ ದೂರಿನ ಮಾತಿಗೂ ಬಂದಳು. ಅಂಥವನು ಹೊರಗೆ ಓಡಾಡಿಕೊಂಡಿದ್ದಾನೆ, ನಾಳೆ ಇನ್ನೊಬ್ಬಳು ಎಂದಳು. ಕಲ್ಲಮ್ಮ ಎಲ್ಲ ಕೇಳಿಸಿಕೊಂಡಳು.

"ಒಂದ್ ಮಾತೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ನೀವ್ ಬಂದ್ ನಿಂತ್ರೆ ನಂಗೆ ಅದೇ ನೆಪ್ಪಾಯ್ತದೆ. ಬೆಳಿಗ್ಗೆಯಿಂದ ಒಸಿ ಮರ್ತಿರ್ತೀನಿ, ನಿಮ್ ಫೋನ್ ಬತ್ತದೆ. ಮಾತ್ರೆ ನುಂಗ್ತೀನಿ ಬುಡಿ. ನೀವ್ ಒಸಿ ಸುಮ್ಕಿರಿ."

ಶಾಂತಲಾ ಬಸ್‌ಸ್ಟ್ಯಾಂಡಿನ ತನಕ ನಡೆದೇ ಹೋದಳು. ಬಂದ ಬಸ್ಸು ಹತ್ತಲಿಲ್ಲ, ಅದರ ಹಿಂದಿನದೂ ಹೋಯಿತು. ತಾನು ಸಹಾಯ ಎಂದುಕೊಂಡದ್ದು ಅವಳಿಗೆ ಕಾಟವಾಗಿತ್ತು. ಅವಮಾನವಾಯಿತು, ಸಿಟ್ಟೂ ಬಂತು. ಮನೆಗೆ ಬಂದು ಫೋನನ್ನು ಅಡುಗೆಮನೆಯ ಮೇಲಿನ ಅಟ್ಟದಲ್ಲಿಟ್ಟಳು, ಕೈಗೆ ಸಿಗದ ಹಾಗೆ. ಅಂದಿನಿಂದ ವಾರಕ್ಕೊಂದು ಸಲ, ಅದೂ ಚಿಕ್ಕಗಂಗಮ್ಮ ತಾನಾಗಿ ಮಾಡಿದರೆ ಮಾತ್ರ ಮಾತು. ಆ ದಿನಗಳಲ್ಲಿ ಅವಳು ಮನೆಯ ಎಲ್ಲ ಡಬ್ಬಿಗಳನ್ನೂ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು.

ಕಡಬಕ್ಕೆ ಹೋಗುವುದನ್ನು ತಪ್ಪಿಸುತ್ತಿದ್ದಳು. ಗೌರಿಹಬ್ಬಕ್ಕೆ ಹೋಗದೆ ವಿಧಿಯಿರಲಿಲ್ಲ. ಹೋಗಿ ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಒಳಗೆ ಪಡಸಾಲೆಯಲ್ಲಿ ದಯಾನಂದನ ಪಕ್ಕ ತಿಮ್ಮರಾಜು ಊಟಕ್ಕೆ ಕೂತಿದ್ದ. ತಾಯಿ ಪುಟ್ಟತಾಯಮ್ಮ ಒಬ್ಬಟ್ಟಿನ ಮೇಲೆ ತುಪ್ಪ ಬಡಿಸುತ್ತಿದ್ದರು. ಅವನು ಶಾಂತಲಾಳನ್ನು ಕಂಡು, ಆ ಕಲ್ಲಮ್ಮನಿಗೆ ಬಿಪಿ ಇಳಿಯಿತೇ ಎಂದು ಕೇಳಿದ. ಕೇಳಿ ದಯಾನಂದನ ಕಡೆ ತಿರುಗಿ, ಆಯಮ್ಮ ಎರಡು ಕಂಬಳಿ ಜಾಸ್ತಿ ಎತ್ತಿಕೊಂಡು ಹೋದಳು, ಇಂಥವರಿಗೆ ಎಷ್ಟು ಮಾಡಿದರೂ ಅಷ್ಟೇ ಎಂದ.

ಶಾಂತಲಾಳ ಗಂಟಲಿಗೆ ಮಾತು ಬಂದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅಣ್ಣನ ಎಲೆ, ಅವನ ಎಲೆ, ಅಮ್ಮನ ಕೈಯ ತುಪ್ಪದ ಗಿಂಡಿ, ಎಲ್ಲವನ್ನೂ ಒಂದೇ ಮಾತಿನಲ್ಲಿ ಚೆಲ್ಲಾಡಿಬಿಡಬಹುದಿತ್ತು. ಅವಳು ಹಿತ್ತಲಿಗೆ ಹೋಗಿ ಬಚ್ಚಲ ಕಲ್ಲಿನ ಮೇಲೆ ಕೂತಳು, ಎದ್ದಳು, ತೆಂಗಿನ ಗರಿ ಎಳೆದು ಸೀಳಿದಳು. ಅವನು ಹೋದ ಮೇಲೆ ತಾಯಿ ಬಂದು ಪಕ್ಕದಲ್ಲಿ ನಿಂತರು. ಸೀಳಿ ಗುಡ್ಡೆಯಾಗಿದ್ದ ಗರಿ ನೋಡಿದರು. ಏನು ಎಂದು ಕೇಳಿದರು. ಹೇಳೋ ಹಾಗಿಲ್ಲ ಅಮ್ಮ ಎಂದಳು ಮಗಳು. ಪುಟ್ಟತಾಯಮ್ಮ ಮತ್ತೆ ಕೇಳಲಿಲ್ಲ. ಅವರು ಹೊಲದಲ್ಲಿ ಆಳುಗಳ ಜೊತೆ ಬದುಕು ಕಳೆದವರು. ಹೇಳಲಾಗದ ಮಾತುಗಳು ಎಂಥವೆಂದು ಬಲ್ಲರು. ಅದಾದ ಮೇಲೆ ತಿಮ್ಮರಾಜು ಮನೆಗೆ ಬಂದಾಗಲೆಲ್ಲ ಅವರಿಗೆ ಸೊಂಟನೋವು ಬರುತ್ತಿತ್ತು, ಒಳಗಿಂದ ಎದ್ದು ಬರುತ್ತಿರಲಿಲ್ಲ. ದಯಾನಂದನೇ ಕಾಫಿ ಕಾಸಿಕೊಡಬೇಕಾಯಿತು.

ಕಲ್ಲಮ್ಮ ನಾಲ್ಕು ವಾರದ ಮಾತ್ರೆ ಮುಗಿಸಿದಳು. ಮೊದಲ ಪರೀಕ್ಷೆ ಸರಿಬಂತು. ಕಾದು ಮಾಡಿಸಿದ ಎರಡನೆಯದೂ ಸರಿಬಂತು. ಎರಡು ಸಲವೂ ಅವಳೊಬ್ಬಳೇ ಕುಣಿಗಲ್ಲಿನಿಂದ ತುಮಕೂರಿಗೆ ಬಂದು ಹೋದಳು. ಡಾಕ್ಟರ್ ಚೈತನ್ಯ ಅವಳನ್ನು ಅಲ್ಲಿಯೇ ಇನ್ನೊಬ್ಬ ಹೆಂಗಸಿನ ಹತ್ತಿರ ಕಳಿಸಿದರು, ಮಾತಾಡುವುದಕ್ಕೆ. ಆ ಹೆಂಗಸಿನ ಜೊತೆ ಏನು ಮಾತಾಡಿದಳೋ ಶಾಂತಲಾಗೆ ಗೊತ್ತಿಲ್ಲ. ರಾತ್ರಿ ನಿದ್ದೆ ಹತ್ತುತ್ತಿದೆಯಂತೆ ಎಂದು ಚಿಕ್ಕಗಂಗಮ್ಮ ಫೋನಿನಲ್ಲಿ ಹೇಳಿದಳು.

ಚಳಿಗಾಲ ಬಂತು. ಪಾಳ್ಯದಲ್ಲಿ ಬಿದ್ದ ಮನೆಗಳ ಜಾಗ ಅಳೆಯುತ್ತಾರೆ ಎಂದು ಕಲ್ಲಮ್ಮ ಊರಿಗೆ ಹೋದಳು. ಜನ ಸೇರಿದ್ದರು, ಇಟ್ಟಿಗೆ ಇಳಿಸಲು ಟೆಂಪೊ ಬಂದಿತ್ತು. ತಿಮ್ಮರಾಜು ಗಾಡಿಯ ಮೇಲಿಂದಲೇ, ಎಲ್ಲರಿಗೂ ಕೇಳುವ ಹಾಗೆ, ಏನಮ್ಮ ಕಲ್ಲಮ್ಮ, ಮೇಕೆ ಸಿಕ್ಕವಾ ಎಂದು ಕೇಳಿ ನಕ್ಕ. ಏನೂ ತಿಳಿಯದ ಇಬ್ಬರು ಮೂವರು ಅವನ ಜೊತೆ ನಕ್ಕರು.

ಶಾಂತಲಾ ವಾರ್ಡಿನಲ್ಲಿ ಒಬ್ಬ ಮುದುಕಪ್ಪನ ಡ್ರೆಸಿಂಗ್ ಬದಲಾಯಿಸುತ್ತಿದ್ದಾಗ ಫೋನು ಬಂತು. ಗೊತ್ತಿಲ್ಲದ ನಂಬರು. ಆ ಕಡೆ ಬಸ್ಸಿನ ಹಾರನ್ನು, ಕಂಡಕ್ಟರ ಕೂಗು.

"ಗುಬ್ಬಿ ಸ್ಟೇಷನ್ ಮುಂದಿವ್ನಿ," ಎಂದಳು ಕಲ್ಲಮ್ಮ. "ಪೋಲೀಸ್ ಸ್ಟೇಷನ್ನು. ನೀವ್ ಬಂದ್ರೆ ಬನ್ನಿ, ಬರ್ದಿದ್ರೂ ಒಳಕ್ಕೋಯ್ತೀನಿ."

ಶಾಂತಲಾ ಬೇರೆ ಸಿಸ್ಟರಿಗೆ ಡ್ರೆಸಿಂಗ್ ಒಪ್ಪಿಸಿ ಓಡಿದಳು. ಅವಳು ಗುಬ್ಬಿ ಸೇರುವಷ್ಟರಲ್ಲಿ ಕಲ್ಲಮ್ಮ ಒಳಗೆ ಹೋಗಿ, ಹೆಂಗಸು ಪೊಲೀಸ್ ಎದುರಿಗೆ ಕೂತು ಮುಕ್ಕಾಲು ಹೇಳಿ ಮುಗಿಸಿದ್ದಳು. ಇಷ್ಟು ತಿಂಗಳು ಯಾಕೆ ಸುಮ್ಮನಿದ್ದೆ ಎಂದು ಅವಳನ್ನು ಕೇಳಿದರಂತೆ. ಮೈಗೆ ಔಷಧಿ ಮಾಡಿಸ್ಕೊಂತಿದ್ದೆ, ಈಗ ಮುಗೀತು, ಬಂದಿವ್ನಿ ಎಂದಳಂತೆ. ಆಸ್ಪತ್ರೆಯಲ್ಲಿ ಸೀಲಾಗಿದ್ದವು ಹೊರಬಂದವು. ಡಾಕ್ಟರು ಬರೆದ ಗಾಯಗಳ ವಿವರ ಬಂತು. ಎರಡು ದಿನ ಬಿಟ್ಟು ತಿಮ್ಮರಾಜುವನ್ನು ಹಿಡಿದರು.

ಆ ಸಂಜೆ ದಯಾನಂದ ಬಟವಾಡಿಯ ಮನೆಗೆ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ. ಮುಖ ಬೂದಿಯಾಗಿತ್ತು.

"ನಿಂಗೊತ್ತಿತ್ತು. ಗೊತ್ತಿದ್ದೂ ಅವನ್ನ ನನ್ ಪಕ್ಕ ಕೂತು ಉಣ್ಣಕ್ ಬುಟ್ಯಲ್ಲ ಶಾಂತ."

"ಅದು ನನ್ ಮಾತಲ್ಲ ಅಣ್ಣ, ಅವರ ಮಾತು. ಅವರು ಹೇಳೋ ತನಕ ನಾನು ಹೆಂಗ್ ಹೇಳ್ಲಿ?"

ಅವನು ಹಾಗೇ ಹೊರಟುಹೋದ. ತಿಂಗಳುಗಟ್ಟಲೆ ತಂಗಿಯ ಜೊತೆ ಮಾತಾಡಲಿಲ್ಲ. ಸಿಟ್ಟು ಅವಳ ಮೇಲಿತ್ತೋ, ಟೆಂಪೊ ಕರೆದ ತನ್ನ ಕೈಯ ಮೇಲಿತ್ತೋ, ಅವನಿಗೂ ಬಿಡಿಸಿ ಹೇಳಲಾಗುತ್ತಿರಲಿಲ್ಲ. ಊರಿನಲ್ಲಿ ಅರ್ಧ ಜನ ಕಲ್ಲಮ್ಮನನ್ನೇ ಆಡಿಕೊಂಡರು. ಸಾಕ್ಷಿ ಹೇಳಬೇಡ, ಸ್ನೇಹಿತ ಅಲ್ಲವೇ ಎಂದು ಕೆಲವರು ದಯಾನಂದನ ಮನೆಗೇ ಬಂದರು. ಅವನು ಯಾರಿಗೂ ಹೇಳದೆ ಗುಬ್ಬಿ ಸ್ಟೇಷನ್ನಿಗೆ ಹೋಗಿ, ಆ ದಿನ ಟೆಂಪೊ ಕರೆದದ್ದು ತಾನೇ, ಆಯಮ್ಮ ಹತ್ತಲು ಒಪ್ಪಲಿಲ್ಲ, ತಂಗಿಯ ಕೈ ಬಿಗಿಹಿಡಿದು ನಿಂತಿದ್ದಳು ಎಂದು ಹೇಳಿಕೆ ಬರೆಸಿ ಬಂದ. ಅದು ಶಾಂತಲಾಗೆ ತಿಳಿದದ್ದು ತಾಯಿಯಿಂದ.

ಕೇಸು ತುಮಕೂರಿನ ಕೋರ್ಟಿನಲ್ಲಿ ಇನ್ನೂ ನಡೆಯುತ್ತಿದೆ. ತಿಮ್ಮರಾಜು ಜಾಮೀನಿನ ಮೇಲೆ ಹೊರಗಿದ್ದಾನೆ. ಟೆಂಪೊ ಮಾರಿದ್ದಾನಂತೆ, ನಿಟ್ಟೂರಿನ ಕಡೆ ಬೈಕಿನಲ್ಲಿ ಕಾಣಿಸುತ್ತಾನೆ. ಒಂದು ದಿನ ಜಡ್ಜ್ ರಜ, ಒಂದು ದಿನ ವಕೀಲರಿಗೆ ಹುಷಾರಿಲ್ಲ. ಕಲ್ಲಮ್ಮ ಪ್ರತಿ ಸಲ ಕುಣಿಗಲ್ಲಿನಿಂದ ಬರುತ್ತಾಳೆ. ಎದುರು ಪಾರ್ಟಿಯ ವಕೀಲರು ಕೇಳಿದ ಒಂದು ಪ್ರಶ್ನೆಗೆ ಒಮ್ಮೆ ಕಟಕಟೆಯ ಕಂಬಿ ಹಿಡಿದುಕೊಂಡು ಉತ್ತರ ಕೊಟ್ಟಳು. ಅಷ್ಟು ದಿನವೂ ಶಾಂತಲಾ ಹೊರಗಿನ ಬೆಂಚಿನ ಹತ್ತಿರ ಓಡಾಡಿಕೊಂಡಿದ್ದಳು.

ಅವಳೊಂದು ಕೆಲಸ ಹಿಡಿದಿದ್ದಾಳೆ. ಪ್ರತಿ ವರ್ಷ ಮಳೆಗಾಲದ ಮೊದಲು ಡಾಕ್ಟರ್ ಚೈತನ್ಯರ ಜೊತೆ ಸೇರಿ ಆಫೀಸುಗಳಿಗೆ ಅಲೆದು, ಮುಂದೆ ಎಲ್ಲಿ ಜನರನ್ನು ಇರಿಸಿದರೂ ಹೆಂಗಸರಿಗೆ ಒಂದು ಬೇರೆ ಕೋಣೆ, ಒಳಗಿಂದ ಹಾಕುವ ಚಿಲಕ, ದೀಪ, ಒಬ್ಬಳು ನರ್ಸು, ಮೊದಲ ದಿನದ ಔಷಧಿ ಇರಲೇಬೇಕೆಂದು ಕೇಳುತ್ತಾಳೆ. ಕೆಲವರು ಬರೆದುಕೊಳ್ಳುತ್ತಾರೆ. ಕೆಲವರು ನಮ್ಮ ಕಡೆ ಅಂಥದ್ದೆಲ್ಲ ಆಗುವುದಿಲ್ಲಮ್ಮ ಎನ್ನುತ್ತಾರೆ. ಅವಳು ಮತ್ತೆ ಹೋಗುತ್ತಾಳೆ. ಹೋದ ವರ್ಷ ಗುಬ್ಬಿಯ ಕಡೆ ಒಂದು ಸಮುದಾಯ ಭವನದಲ್ಲಿ ಅಂಥ ಕೋಣೆ ನಿಜವಾಗಿ ಆಯಿತು. ಅಲ್ಲಿಗೆ ಯಾರಾದರೂ ಬಂದರೋ ಇಲ್ಲವೋ ಅವಳು ಕೇಳಲಿಲ್ಲ. ಅಲ್ಲಿದ್ದ ನರ್ಸೂ ಹೇಳಲಿಲ್ಲ.

ಮೊನ್ನೆ ಒಂದು ಭಾನುವಾರ ಕಲ್ಲಮ್ಮ ಬಟವಾಡಿಯ ಮನೆಗೆ ಬಂದಳು. ಮೊದಲ ಸಲ, ಯಾವ ಕೆಲಸವೂ ಇಲ್ಲದೆ. ಮಗಳಿಗೆ ತುಮಕೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಹಾಸ್ಟೆಲ್ ನೋಡಿಕೊಂಡು ಬಂದೆ ಎಂದಳು. ಕುರ್ಚಿಯ ಮೇಲೆ ಕೂತು ಮುದ್ದೆ, ಹುರುಳಿಕಾಳು ಸಾರು ಉಂಡಳು. ಸಾರಿಗೆ ಇನ್ನಷ್ಟು ಬೆಳ್ಳುಳ್ಳಿ ಬೇಕಿತ್ತು ಎಂದಳು. ಲಕ್ಷ್ಮೀಕಾಂತ್ ಮಗಳ ಕೋರ್ಸಿನ ಬಗ್ಗೆ ಕೇಳಿದ. ಶಾಂತಲಾ ನೀರು ತರಲು ಎದ್ದಳು, ಮಜ್ಜಿಗೆ ತರಲು ಎದ್ದಳು, ಉಪ್ಪಿನಕಾಯಿಗೆ ಎದ್ದಳು. ಮುಂದಿನ ತಾರೀಖು ಯಾವತ್ತು ಎಂದು ಕೇಳಬಾರದು ಎಂದುಕೊಂಡಿದ್ದಳು. ಮಜ್ಜಿಗೆ ಬಗ್ಗಿಸುತ್ತ ಬಗ್ಗಿಸುತ್ತ ಕೇಳಿಯೇ ಬಿಟ್ಟಳು.

ಕಲ್ಲಮ್ಮ ಲೋಟ ಕೆಳಗಿಟ್ಟಳು. ಇವಳ ಮುಖ ನೋಡಿ ಸಣ್ಣಗೆ ನಕ್ಕಳು. ಹದಿನೇಳನೇ ತಾರೀಖು, ಬೆಳಿಗ್ಗೆ ಎಂದಳು. ಬಂದರೆ ಛತ್ರಿ ತರಬೇಕು, ಕೋರ್ಟಿನ ಮುಂದೆ ನಿಲ್ಲೋಕೆ ನೆರಳಿಲ್ಲ ಎಂದಳು.